ಹಳೆಯ ಕಟ್ಟಡಕ್ಕೆ ಸಾರುವೆ

ದೇವನಹಳ್ಳಿಯ ಕೋಟೆಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಈ ಊರಿನಲ್ಲಿ ಮಲ್ಲಬೈರೇಗೌಡನು 1501ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 18ನೆಯ ಶತಮಾನದಲ್ಲಿ ಅದು ಮೈಸೂರಿನವರ ಕೈಸೇರಿದ ಬಳಿಕ, ಹೈದರಾಲಿ ಮತ್ತು ಟಿಪ್ಪುವಿನ ಕಾಲಕ್ಕೆ, ಕಲ್ಲಿನ ಕೋಟೆಯಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಸುಮಾರು ಇಪ್ಪತ್ತು ಎಕರೆ ನೆಲವನ್ನು ಅಂಡಾಕಾರವಾಗಿ ಸುತ್ತಿರುವ ಗೋಡೆ. ಹೊರಮೈಗೆ ಕಟೆದ ಕಲ್ಲಿನ ಹೊದಿಕೆ. ಅರ್ಧಚಂದ್ರಾಕಾರದ ಹನ್ನೆರಡು ಕೊತ್ತಲಗಳು. ಅವುಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಗುಂಡುಗಂಡಿಗಳು. ಪೂರ್ವ ಪಶ್ಚಿಮಗಳಲ್ಲಿ ಗಾರೆಯ ಅಲಂಕಾರವುಳ್ಳ ಬಾಗಿಲುಗಳು. ಒಳಗೆ ವೇಣುಗೋಪಾಲಸ್ವಾಮಿಯ ದೇವಾಲಯ.

ಇಂತಹ ಕೋಟೆಯ ಒಂದು ಕೊತ್ತಲದಲ್ಲಿ, ನೆಲದಿಂದ ಇಪ್ಪತ್ತಡಿ ಎತ್ತರದಲ್ಲಿ, ಅಶ್ವತ್ಥದ ಸಸಿಯೊಂದು ಬೇರುಬಿಟ್ಟಿದೆ ಎಂದು ಭಾವಿಸೋಣ. ಗಾರೆ ಸಡಿಲಿದೆ, ಒಂದೆರಡು ಕಲ್ಲುಗಳು ಮುಂದಕ್ಕೆ ಜರುಗಿವೆ. ಇದನ್ನು ಸರಿಪಡಿಸಬೇಕೆಂದಾಗ ಸುಣ್ಣ ಎಲ್ಲಿಯದು, ಕಲ್ಲು ಯಾವುದು, ಹಣವೆಷ್ಟು ಎಂಬ ವಿಚಾರಗಳೆಲ್ಲ ಬರುತ್ತವೆ. ಕೆಲಸಗಾರನು ಆ ಇಪ್ಪತ್ತಡಿಯನ್ನು ಏರಿ ಅಲ್ಲಿ ಎರಡು ಕೈಗಳನ್ನೂ ಬಿಡುವಾಗಿಟ್ಟುಕೊಂಡು ಹೇಗೆ ನಿಲ್ಲುತ್ತಾನೆ ಎಂಬ ವಿಚಾರ ಮಾತ್ರ ಕೊನೆಗೆ ಬರುತ್ತದೆ. ಬಂದಾಗಲೂ, ‘ಅದೇನು ಮಹಾ, ಮೇಸ್ತ್ರಿ ನೋಡಿಕೊಳ್ಳುತ್ತಾನೆ’ ಎಂದು ಮುಗಿದುಹೋಗುತ್ತದೆ. ಆದರೆ ಹಳೆಯ ಕಟ್ಟಡಕ್ಕೆ ಚಿಕಿತ್ಸೆ ಚೆನ್ನಾಗಿ ನಡೆಯುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ಈ ಸಾರುವೆಯಲ್ಲಿಯೇ ತೀರ್ಮಾನವಾಗುತ್ತದೆ. ಅದು ಹೇಗೆಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಕೆಲಸಗಾರರು ನಿಲ್ಲುವುದಕ್ಕೂ ಸಾಮಾನು ಇಡುವುದಕ್ಕೂ ಗೋಡೆಯ ಮಗ್ಗುಲಲ್ಲಿ ತಾತ್ಕಾಲಿಕವಾಗಿ ಕಟ್ಟುವ ಅಟ್ಟಣೆಗೆ ನಮ್ಮ ಗಾರೆಯವರು ಸಾರುವೆಯೆನ್ನುತ್ತಾರೆ. ನಮ್ಮ ಕಡೆಯ ಹಳೆಯ ಸಾರುವೆಗೆ ಬೇಕಾದುದು ಸರ್ವೆಯ ಕಂಬ, ಬೊಂಬು, ತೆಂಗಿನ ನಾರಿನ ಹಗ್ಗ, ಮತ್ತು ಹಲಗೆ. ನೆಲದಲ್ಲಿ ಒಂದು ಸಾಲು ಕಂಬಗಳನ್ನು ನೆಡುತ್ತಾರೆ. ಅವುಗಳಿಗೆ ಉದ್ದಕ್ಕೂ ಬೊಂಬುಗಳನ್ನು ಬಿಗಿಯುತ್ತಾರೆ. ಆ ಬೊಂಬುಗಳಿಂದ ಗೋಡೆಯ ಕಡೆಗೆ ಅಡ್ಡಗೋಲುಗಳನ್ನು ಹಾಯಿಸಿ, ಅವುಗಳ ಮೇಲೆ ಹಲಗೆ ಹಾಸುತ್ತಾರೆ. ಅಡ್ಡಗೋಲಿನ ಒಂದು ತುದಿ ಬೊಂಬಿನ ಮೇಲೆ, ಮತ್ತೊಂದು ತುದಿ ಗೋಡೆಯಲ್ಲಿ ಬಿಟ್ಟ ತೂತಿನೊಳಗೆ. ಗೋಡೆ ಏರಿದಂತೆ ಸಾರುವೆಯೂ ಏರುತ್ತದೆ. ಕೆಲಸ ಮುಗಿದ ಮೇಲೆ ಕೋಲನ್ನು ಕಿತ್ತು ತೂತನ್ನು ಮುಚ್ಚುತ್ತಾರೆ. ಹೊಸ ಗೋಡೆಯನ್ನು ಕಟ್ಟುವುದಕ್ಕೆ ಇದು ಸುಲಭವಾದ ಕ್ರಮ. ದೇಶದೇಶಗಳ ಹಳೆಯ ಕಟ್ಟಡಗಳಲ್ಲಿ ಸಾಲುಸಾಲಾಗಿ ಕಾಣುವ, ಪಾರಿವಾಳಗಳು ಗೂಡುಮಾಡಿಕೊಂಡಿರುವ ಚೌಕನೆಯ ತೂತುಗಳಲ್ಲಿ ಎಷ್ಟೋ ಇಂತಹ ಸಾರುವೆಯ ಗುರುತುಗಳು.

ಹೊಸ ಗೋಡೆಗೆ ಸಲ್ಲುವ ಈ ಕ್ರಮ ಹಳೆಯ ಗೋಡೆಗೆ ಸಲ್ಲದು. ಕಟ್ಟುವಾಗ ಬಿಟ್ಟ ತೂತು ಬೇರೆ, ಎರಡು ನೂರು ವರ್ಷ ನಿಂತ ಗೋಡೆಯಲ್ಲಿ ಉಳಿಯಿಟ್ಟು ಹೊಡೆದ ತೂತು ಬೇರೆ. ಹೊರಗೆ ಕಲ್ಲಿನ ಹೊದಿಕೆಯೂ ಒಳಗೆ ಮಣ್ಣು ಕಲ್ಲುಗಳ ತುಂಬುಗೆಯೂ ಇರುವ ಗೋಡೆಯಲ್ಲಿ ಹೊದಿಕೆಯ ಒಂದು ಕಲ್ಲನ್ನು ಕದಲಿಸಿದರೆ ಅದರ ಮೇಲಿನ ಭಾರ ಅಕ್ಕಪಕ್ಕದ ಕಲ್ಲುಗಳ ಮೇಲೆ ಬೀಳುತ್ತದೆ. ಮಳೆನೀರಿಗೂ ಒಳಕ್ಕೆ ದಾರಿಯಾಗುತ್ತದೆ. ಆದುದರಿಂದ ಹಳೆಯ ಕಟ್ಟಡದ ಸಾರುವೆಗೆ ಮೊದಲನೆಯ ನಿಯಮ ಇದು: ಅದು ಗೋಡೆಯ ಮೇಲೆ ತನ್ನ ಭಾರವನ್ನು ಹಾಕದೆ ತನ್ನ ಕಾಲಿನ ಮೇಲೆ ತಾನೇ ನಿಲ್ಲತಕ್ಕದ್ದು. ಒಂದು ಸಾಲಿಗೆ ಬದಲಾಗಿ ಎರಡು ಸಾಲು ಕಂಬ. ಅಡ್ಡಗೋಲಿನ ಎರಡು ತುದಿಗಳೂ ಕಂಬಸಾಲುಗಳ ಮೇಲೆಯೇ. ಗೋಡೆಗೂ ಒಳಸಾಲಿಗೂ ನಡುವೆ ಸ್ವಲ್ಪ ಎಡೆ ಇರಬೇಕು. ವೇಣುಗೋಪಾಲಸ್ವಾಮಿಯ ಗುಡಿಯಂತೆ ಗೋಡೆಯ ತುಂಬ ರಾಮಾಯಣದ ಮತ್ತು ಕೃಷ್ಣಲೀಲೆಯ ಕೆತ್ತನೆಗಳಿರುವೆಡೆಯಲ್ಲಿ ಇದು ಇನ್ನೂ ಅವಶ್ಯಕ.

ಈಗ ಮರದ ಕಂಬಗಳ ಸ್ಥಾನವನ್ನು ಬಹುಮಟ್ಟಿಗೆ ಉಕ್ಕಿನ ಕೊಳವೆಗಳು ಆಕ್ರಮಿಸಿವೆ. ಸಾರುವೆಯ ಕಂಬಗಳನ್ನು ಹಗ್ಗಕ್ಕೆ ಬದಲಾಗಿ ಲೋಹದ ಹಿಡಿಕೆಗಳಿಂದ ಬಿಗಿಯುವ ಕ್ರಮವನ್ನು 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಡೇನಿಯಲ್ ಪಾಮರ್ ಜೋನ್ಸ್ ಎಂಬಾತನು ರೂಢಿಗೆ ತಂದನು. 1913ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂಭಾಗವನ್ನು ಹೊಸದಾಗಿ ಕಟ್ಟುವಾಗ ಇದು ಬಳಕೆಯಾಗಿ ಪ್ರಸಿದ್ಧಿಗೆ ಬಂದಿತು. ಈ ಕೊಳವೆಯ ಹೊರವ್ಯಾಸ 48.3 ಮಿಲಿಮೀಟರು, ಎಂದರೆ ಎರಡಂಗುಲಕ್ಕೆ ಸ್ವಲ್ಪ ಕಡಮೆ. ಒಂದು ಕೊಳವೆಗೂ ಇನ್ನೊಂದಕ್ಕೂ ಭೇದವಿಲ್ಲ. ಎಷ್ಟು ಭಾರ ತಡೆಯಬಲ್ಲದೆಂಬುದನ್ನು ಮೊದಲೇ ಲೆಕ್ಕಹಾಕಬಹುದು. ಸರ್ವೆಯ ಕಂಬದಲ್ಲಿ ಒಂದರಂತೆ ಇನ್ನೊಂದಿಲ್ಲ. ನಾರಿನ ಹಗ್ಗ ಮಳೆಗೂ ಬಿಸಿಲಿಗೂ ಮಾರ್ಪಡುತ್ತಿದ್ದು ಆಗಾಗ ಬಿಗಿಯಬೇಕಾಗುತ್ತದೆ. ಆದರೆ ಉಕ್ಕಿಗೂ ತನ್ನದೇ ದೋಷಗಳುಂಟು. ಗಟ್ಟಿ ದಪ್ಪದ ಹತ್ತಡಿ ಕೊಳವೆ ಸುಮಾರು 13 ಕಿಲೋಗ್ರಾಂ ತೂಗುತ್ತದೆ. ಅದು ಕೈಜಾರಿ ಕೆತ್ತನೆಯ ಮೇಲೆ ಬಿದ್ದರೆ ಶಿಲ್ಪಿಯ ತಿಂಗಳ ದುಡಿಮೆ ಕ್ಷಣದಲ್ಲಿ ಹೋಯಿತು. ಕಲ್ಲಿಗೆ ತಗುಲಿದ ಕೊಳವೆಯ ತುದಿ ಮಳೆಗಾಲದಲ್ಲಿ ತುಕ್ಕು ಹಿಡಿದು, ಸುಲಭವಾಗಿ ಹೋಗದ ಕಲೆಯನ್ನು ಬಿಡುತ್ತದೆ. ಆದುದರಿಂದ ತುದಿಗಳಿಗೆ ಟೊಪ್ಪಿ ಹಾಕುವುದು, ಗೋಡೆಯ ಬಳಿ ಮರದ ತುಂಡನ್ನೋ ಮೆತ್ತೆಯನ್ನೋ ಇಡುವುದು ಮುಂತಾದ ಎಚ್ಚರಿಕೆಗಳು ಬೇಕು.

ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕೆಂದಮೇಲೆ ಕಾಲಿನ ಕೆಳಗಿನ ನೆಲದ ವಿಚಾರ ಬರುತ್ತದೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಕಂಬದ ಮೇಲೆ ಕೊಳವೆ, ಹಲಗೆ, ಗಾರೆ, ಆಳು ಎಲ್ಲ ಸೇರಿ 600 ಕಿಲೋಗ್ರಾಂ ಭಾರ ಬಿದ್ದಿದೆಯೆಂದು ಇಟ್ಟುಕೊಳ್ಳೋಣ. ಕಂಬದ ಬುಡದಲ್ಲಿ ಆರಂಗುಲ ಚದರದ ಉಕ್ಕಿನ ಬಿಲ್ಲೆ ಇರುತ್ತದೆ. ಅದರ ವಿಸ್ತೀರ್ಣ 36 ಚದರ ಅಂಗುಲ. ಪ್ರತಿ ಚದರ ಅಂಗುಲದ ಮೇಲೂ ಸುಮಾರು 17 ಕಿಲೋಗ್ರಾಂ ಒತ್ತುತ್ತದೆ. ಮಳೆಯಿಂದ ನೆನೆದ ಮಣ್ಣು ಇದನ್ನು ತಾಳಲಾರದು. ಬಿಲ್ಲೆಯ ಕೆಳಗೆ 9 ಅಂಗುಲ ಅಗಲ, 40 ಅಂಗುಲ ಉದ್ದದ ದಪ್ಪ ಹಲಗೆಯನ್ನಿಟ್ಟರೆ ವಿಸ್ತೀರ್ಣ 360 ಚದರ ಅಂಗುಲವಾಗಿ ಒತ್ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಹಲಗೆಯ ಗುಣವಿದು. ಕಂಬ ನೆಡಲು ಗುಂಡಿ ತೋಡುವುದಂತೂ ಕೋಟೆಯ ಬುಡದಲ್ಲಿ ಕೂಡದು. ಅಲ್ಲಿ ಹಳೆಯ ಅಸ್ತಿಭಾರವಿರಬಹುದು, ನೆಲದಲ್ಲಿ ಹುದುಗಿದ ಪ್ರಾಚೀನ ವಸ್ತುಗಳಿರಬಹುದು.

ಕೋಟೆಯ ಗೋಡೆಗೆ ಇನ್ನೊಂದು ತೊಡಕುಂಟು. ಇಂತಹ ಗೋಡೆಗಳು ಸಾಮಾನ್ಯವಾಗಿ ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತವೆ. ಹತ್ತಡಿಗೆ ಒಂದಡಿಯಷ್ಟು ವಾಲಿದ್ದರೆ, ನೆಟ್ಟಗೆ ನಿಂತ ಸಾರುವೆಗೂ ಗೋಡೆಗೂ ನಡುವೆ ಇಪ್ಪತ್ತಡಿ ಎತ್ತರದಲ್ಲಿ ಎರಡಡಿ ಹೆಚ್ಚಿನ ಎಡೆ ಬೀಳುತ್ತದೆ. ಕೆಲಸಗಾರನು ಬಗ್ಗಿ ಕೈಚಾಚಿದಾಗ ಆ ಎಡೆಯೊಳಗೆ ಬೀಳುವ ಅಪಾಯ ಹೊರಬದಿಗಿಂತ ಕಡಮೆಯಾದುದಲ್ಲ. ಆದುದರಿಂದ ಪ್ರತಿ ಅಂತಸ್ತಿನಲ್ಲಿಯೂ ಅಟ್ಟಣೆಯನ್ನು ಗೋಡೆಯ ಕಡೆಗೆ ಸ್ವಲ್ಪಸ್ವಲ್ಪ ಮುಂದೆ ಚಾಚಬೇಕಾಗುತ್ತದೆ. ಕೊತ್ತಲದ ಬಳಿ ಗೋಡೆ ದುಂಡಾಗಿಯೂ ಇರುವುದರಿಂದ ಉದ್ದವಾದ ಕೊಳವೆಗಳು ಹೊಂದುವುದಿಲ್ಲ. ಗಿಡ್ಡ ಕೊಳವೆಗಳನ್ನು ಕೋನಕೋನವಾಗಿ ಜೋಡಿಸಬೇಕು. ಅಂಗಡಿಯಿಂದ ಬಾಡಿಗೆಗೆ ತಂದ ಸಿದ್ಧ ಚೌಕಟ್ಟುಗಳು ಇಲ್ಲಿ ಒಗ್ಗುವುದು ಕಷ್ಟ.

ಎತ್ತರವಾದ ಸಾರುವೆ ಗಾಳಿಗೆ ವಾಲದಂತೆ ಹಿಡಿದಿಡುವ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಹೊಸ ಕಟ್ಟಡದಲ್ಲಿ ಗೋಡೆಗೆ ತೂತು ಕೊರೆದು ಕಬ್ಬಿಣದ ಮೊಳೆಯಿಂದ ಬಿಗಿದುಬಿಡುತ್ತಾರೆ. ಹಳೆಯ ಕಲ್ಲಿನಲ್ಲಿ ಹೀಗೆ ಮಾಡಿದರೆ ಕಲ್ಲು ಬಿರಿಯಬಹುದು. ಆಗ ಬಿರಿಯದಿದ್ದರೂ, ಒಳಗೆ ಉಳಿದ ಕಬ್ಬಿಣ ತುಕ್ಕು ಹಿಡಿದಾಗ ಉಬ್ಬಿ ಮುಂದೊಂದು ದಿನ ಒಡೆಯುತ್ತದೆ. ಇದಕ್ಕೆ ಪರ್ಯಾಯಗಳುಂಟು. ಬಾಗಿಲು, ಕಿಟಕಿ, ಗುಂಡುಗಂಡಿಗಳ ಮೂಲಕ ಕೊಳವೆಯನ್ನು ಹಾಯಿಸಿ, ಒಳಗಡೆ ಮೆತ್ತೆಯಿಟ್ಟ ಮರದ ಅಡ್ಡೆಗೆ ಬಿಗಿಯಬಹುದು. ಸಾರುವೆಯ ಬುಡವನ್ನೇ ಅಗಲಮಾಡಬಹುದು. ಯಾವ ಆಧಾರವೂ ಇಲ್ಲದೆ ನಿಲ್ಲುವ ಸಾರುವೆಯ ಎತ್ತರ ಅದರ ಬುಡದ ಅಗಲದ ಮೂರು ಪಟ್ಟನ್ನು ಮೀರದಿರುವುದು ಬಯಲಿನಲ್ಲಿ ಕ್ಷೇಮಕರವೆಂದು ಹೇಳುತ್ತಾರೆ. ಹೊರಗಡೆಯಿಂದ ಓರೆಗಂಬಗಳನ್ನು ಕೊಡಬಹುದು. ಬುಡದಲ್ಲಿ ಮರಳಿನ ಮೂಟೆಗಳ ಭಾರವನ್ನು ಹೇರಬಹುದು. ಬೇರೆ ಉಪಾಯವೇ ಇಲ್ಲದೆ ಕೊರೆಯಬೇಕಾಗಿ ಬಂದರೆ, ಕಲ್ಲನ್ನು ಮುಟ್ಟದೆ ಎರಡು ಕಲ್ಲುಗಳ ಸಂದಿನ ಗಾರೆಯಲ್ಲಿ ಕೊರೆಯತಕ್ಕದ್ದು. ಗಾರೆಯನ್ನು ಮತ್ತೆ ತುಂಬಬಹುದು, ಕಲ್ಲನ್ನು ಮತ್ತೆ ಬೆಳೆಸಲಾಗದು. ಧೂಳು ಹಾರದಿರಲೆಂದು ಸುತ್ತಲೂ ಪರದೆ ಕಟ್ಟುವಾಗಲೂ ಯೋಚಿಸಬೇಕು. ಪರದೆ ಕಟ್ಟಿದ ಸಾರುವೆ ಹಾಯಿ ಬಿಚ್ಚಿದ ಹಡಗಿನಂತೆ. ಬೇಸಗೆಯ ಕೊನೆಯ ಬಿರುಮಳೆಯನ್ನೂ ಆಷಾಢದ ಗಾಳಿಯನ್ನೂ ಬಲ್ಲ ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಸಾರುವೆ ಇರುವುದು ಕೆಲಸಗಾರನನ್ನು ಹೊರುವುದಕ್ಕೆ. ಬೀಳುವ ಗೋಡೆಯನ್ನು ಹಿಡಿಯುವುದಕ್ಕಲ್ಲ. ಶಿಥಿಲವಾದ ಗೋಡೆಗೆ ಬೇರೆಯಾಗಿ ಊರೆಗಳನ್ನು, ಎಂದರೆ ಭಾರ ತಡೆಯುವ ದಪ್ಪ ಆಸರೆಗಳನ್ನು, ಮೊದಲು ಕೊಟ್ಟು, ಆಮೇಲೆ ಸಾರುವೆ ಕಟ್ಟಬೇಕು. ಹಳೆಯ ಕಟ್ಟಡ ಎಷ್ಟು ಅನಿರೀಕ್ಷಿತವಾಗಿ ಕುಸಿಯಬಲ್ಲದು ಎಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನಗಳಿವೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ, ದುರಸ್ತಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ, ಕುಸಿಯಿತು.

ಸಾರುವೆಯೇ ಅಪಾಯವಾಗಿ ಪರಿಣಮಿಸಿದ ಪ್ರಸಂಗವೊಂದನ್ನು ಪ್ಯಾರಿಸ್ ನಗರ ಕಂಡಿತು. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿದ್ದಾಗ ಅದರ ಶಿಖರದ ದುರಸ್ತಿಗಾಗಿ ಕಟ್ಟಿದ ಉಕ್ಕಿನ ಸಾರುವೆ ಸುತ್ತಲೂ ನಿಂತಿತ್ತು. ಶಿಖರ ಉರಿದು ಬಿದ್ದಿತು, ಸಾರುವೆ ಬೀಳಲಿಲ್ಲ. ಆದರೆ ಅದರ ಸುಮಾರು 40,000 ಭಾಗಗಳಲ್ಲಿ ಅನೇಕವು ಕಾವಿನಿಂದ ಬಾಗಿ ಒಂದಕ್ಕೊಂದು ಬೆಸೆದುಹೋದವು. ಅದು ಕುಸಿದರೆ ಉಳಿದ ಕಮಾನುಗಳೂ ಹೋಗುವುವೆಂಬ ಭಯವಿತ್ತು. ಅದನ್ನು ಬಿಚ್ಚುವುದಕ್ಕಾಗಿ ಅದರ ಸುತ್ತ ಮತ್ತೊಂದು ಸಾರುವೆಯನ್ನು ಕಟ್ಟಿದರು. ಹಗ್ಗದಲ್ಲಿ ಇಳಿದ ಕೆಲಸಗಾರರು ಕೊಳವೆಗಳನ್ನು ಒಂದೊಂದಾಗಿ ಕತ್ತರಿಸಿದರು. 2020ರ ಜೂನ್‌ನಲ್ಲಿ ತೊಡಗಿದ ಈ ಕೆಲಸ ನವೆಂಬರಿನಲ್ಲಿ ಮುಗಿಯಿತು. ಇಗರ್ಜಿಯ ಬಾಗಿಲು ತೆರೆದದ್ದು 2024ರ ಡಿಸೆಂಬರಿನಲ್ಲಿ. ದೇವಾಲಯದ ಸಾರುವೆಯ ಮೇಲೆ ಒಣಗಿದ ತೆಂಗಿನ ಗರಿ ಹೊದಿಸಿ, ಕೆಳಗೆ ದೀಪ ಧೂಪಗಳನ್ನು ಎಂದಿನಂತೆ ನಡೆಸುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಷ್ಟೊಂದು ತೊಂದರೆ ಏಕೆ, ಆಕಾಶದಲ್ಲಿ ಹಾರುವ ಛಾಯಾಯಂತ್ರಗಳಿಂದ ಚಿತ್ರ ತೆಗೆದರೆ ಸಾಲದೇ, ಎಂದು ಕೇಳಬಹುದು. ನೋಡುವುದಕ್ಕೆ ಅವು ಬಹಳ ಉಪಕಾರಿ. ಆದರೆ ಹಳೆಯ ಗಾರೆಯ ರೋಗ ಕಣ್ಣಿಗಿಂತ ಕಿವಿಗೆ ಚೆನ್ನಾಗಿ ತಿಳಿಯುತ್ತದೆ. ವೈದ್ಯನು ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟುವಂತೆ, ಅನುಭವಶಾಲಿಯಾದ ಗಾರೆಯವನು ಬೆರಳ ಗೆಣ್ಣಿನಿಂದಲೋ ಸಣ್ಣ ಮರದ ಸುತ್ತಿಗೆಯಿಂದಲೋ ಗೋಡೆಯನ್ನು ತಟ್ಟಿ ಕೇಳುತ್ತಾನೆ. ಗಟ್ಟಿಯಾಗಿ ಅಂಟಿದ ಗಾರೆಯ ಶಬ್ದ ಒಂದು, ಒಳಗೆ ಬಿಟ್ಟುಕೊಂಡು ಟೊಳ್ಳಾದ ಗಾರೆಯ ಶಬ್ದ ಇನ್ನೊಂದು. ಚಿತ್ರದಲ್ಲಿ ಎರಡೂ ಒಂದೇ ಬಿಳುಪು. ಗೋಡೆಯಿಂದ ತೋಳಳತೆಯಲ್ಲಿ ನಿಂತಾಗಲ್ಲದೆ ಈ ಪರೀಕ್ಷೆ ಸಾಧ್ಯವಿಲ್ಲ. ಅಶ್ವತ್ಥದ ವಿಷಯವೂ ಹೀಗೆಯೇ. ಏಣಿಯ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತವನು ಗಿಡವನ್ನು ಕಡಿಯಬಲ್ಲ, ಇಲ್ಲವೇ ಎಳೆಯಬಲ್ಲ. ಕಡಿದರೆ ಮತ್ತೆ ಚಿಗುರುತ್ತದೆ. ಎಳೆದರೆ ಬೇರಿನ ಜೊತೆಯಲ್ಲಿ ಕಲ್ಲೂ ಬರುತ್ತದೆ. ನಿಲ್ಲಲು ಸ್ಥಿರವಾದ ಅಟ್ಟಣೆಯಿದ್ದವನು ಸುತ್ತಲಿನ ಕಲ್ಲುಗಳಿಗೆ ಅಂಕೆ ಹಾಕಿ, ಒಂದೊಂದಾಗಿ ಇಳಿಸಿ, ಬೇರನ್ನು ತುದಿಯವರೆಗೆ ತೆಗೆದು, ಅದೇ ಕಲ್ಲುಗಳನ್ನು ಅದೇ ಕ್ರಮದಲ್ಲಿ ಮತ್ತೆ ಇಡಬಲ್ಲ.

ಸಾರುವೆಗೂ ಸುಣ್ಣಕ್ಕೂ ಇರುವ ಸಂಬಂಧವನ್ನು ಈಗ ಹೇಳಬೇಕು. ಇದು ಹೊರಗಿನವರ ಗಮನಕ್ಕೆ ಬಾರದ ವಿಷಯ. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು. ಹೊರಮೈಯಿಂದ ಒಳಕ್ಕೆ, ನಿಧಾನವಾಗಿ. ಒಂದು ಲೇಪ ಬಿಗಿಯುವವರೆಗೆ ದಿನಗಟ್ಟಲೆ ಕಾದು ಇನ್ನೊಂದನ್ನು ಕೊಡಬೇಕು. ಆ ದಿನಗಳಲ್ಲೆಲ್ಲ ಒದ್ದೆ ಗೋಣಿಯ ನೆರಳು ಬೇಕು. ಇಲ್ಲವಾದರೆ ನಮ್ಮ ಬಯಲುಸೀಮೆಯ ಬಿಸಿಲಿಗೆ ಗಾರೆ ಬಿರುಕುಬಿಟ್ಟು ಪುಡಿಯಾಗುತ್ತದೆ. ಸಿಮೆಂಟಾದರೋ ಕೆಲವು ಗಂಟೆಗಳಲ್ಲಿ ಬಿಗಿಯುತ್ತದೆ. ಸಾರುವೆಯ ಬಾಡಿಗೆ ದಿನದ ಲೆಕ್ಕ. ಒಟ್ಟು ಮೊತ್ತಕ್ಕೆ ಕೆಲಸ ಒಪ್ಪಿಕೊಂಡ ಗುತ್ತಿಗೆದಾರನು ಸಾರುವೆಯನ್ನು ಒಂದು ವಾರ ಮುಂಚೆ ಬಿಚ್ಚಿದರೆ ಅಷ್ಟು ಹಣ ಅವನಿಗೆ ಉಳಿಯಿತು. ಹೀಗಾಗಿ, ಸುಣ್ಣವೆಂದು ಬರೆದುಕೊಟ್ಟ ಕಡೆ ಸಿಮೆಂಟು ಬೆರೆಸುವ ಆಸೆ ಹುಟ್ಟುತ್ತದೆ. ಆ ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಡಸು. ಗೋಡೆಯೊಳಗಿನ ತೇವಕ್ಕೆ ಹೊರದಾರಿ ಕೊಡುವುದಿಲ್ಲ. ತೇವದ ಜೊತೆಯಲ್ಲಿ ಬಂದ ಉಪ್ಪುಗಳು ಅದರ ಹಿಂದೆ ಕೂಡಿಕೊಂಡು ಇಟ್ಟಿಗೆಯನ್ನು ಹಿಟ್ಟುಮಾಡುತ್ತವೆ. ಕೆಲವು ವರ್ಷಗಳ ಮೇಲೆ ಹೊಸ ಗಾರೆ ಹಳೆಯ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ನೋಡಿದವರು ಕೆಲಸಗಾರನನ್ನು ದೂರುತ್ತಾರೆ. ಆ ತಪ್ಪಿನ ಬೀಜ ಬಾಡಿಗೆಯ ಕರಾರಿನಲ್ಲಿ ಬಿದ್ದಿತ್ತೆಂಬುದು ಯಾರಿಗೂ ತೋರುವುದಿಲ್ಲ.

ಇದಕ್ಕೆ ಪರಿಹಾರ ಕಠಿನವಾದುದಲ್ಲ. ಅಂದಾಜುಪಟ್ಟಿಯಲ್ಲಿ ಸಾರುವೆಯನ್ನು ಪ್ರತ್ಯೇಕ ಬಾಬ್ತಾಗಿ ತೋರಿಸಬೇಕು. ಸುಣ್ಣ ಬಲಿಯುವಷ್ಟು ದಿನಗಳ ಬಾಡಿಗೆಯನ್ನು ಮೊದಲೇ ಒಪ್ಪಿ ಬರೆಯಬೇಕು. ಬಿಚ್ಚುವ ದಿನವನ್ನು ಗುತ್ತಿಗೆದಾರನಿಗೆ ಬಿಡದೆ, ಕೆಲಸವನ್ನು ಪರೀಕ್ಷಿಸಿದ ಅಧಿಕಾರಿಯೇ ಗೊತ್ತುಮಾಡಬೇಕು. ಸಾರುವೆ ನಿಂತಿರುವಷ್ಟು ಕಾಲವೂ ಒಂದು ಸದವಕಾಶವೆಂದು ತಿಳಿದು, ಬರಿಗಣ್ಣಿಗೆ ಎಂದೂ ಹತ್ತಿರವಾಗದ ಭಾಗಗಳನ್ನೆಲ್ಲ ಅಳೆದು, ಚಿತ್ರ ತೆಗೆದು, ಟಿಪ್ಪಣಿ ಬರೆದಿಡಬೇಕು. ಗೋಪುರದ ಸಾರುವೆ ಕುಂಭಾಭಿಷೇಕದ ಹೊತ್ತಿಗೆ, ಹನ್ನೆರಡು ವರ್ಷಕ್ಕೊಮ್ಮೆಯಾದರೂ, ಮತ್ತೆ ಏಳಬಹುದು. ಕೋಟೆಯ ಕೊತ್ತಲಕ್ಕೆ ಅಂತಹ ನಿಯಮವಿಲ್ಲ. ಅಲ್ಲಿ ಒಮ್ಮೆ ಬಿಚ್ಚಿದ ಸಾರುವೆ ಇನ್ನೊಮ್ಮೆ ನಿಲ್ಲುವುದು ಮೊಮ್ಮಕ್ಕಳ ಕಾಲಕ್ಕೋ ಏನೋ. ದೇವನಹಳ್ಳಿಯ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದು. 1958ರ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಯಾರೂ ಕೈಯಿಡುವಂತಿಲ್ಲ. ಆದರೆ ನಮ್ಮ ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ಸೀಮೆಗಳ ಹಳ್ಳಿಹಳ್ಳಿಗಳಲ್ಲಿ ಯಾವ ಪಟ್ಟಿಯಲ್ಲಿಯೂ ಸೇರದ ಗುಡಿಗಳಿವೆ. ಅವುಗಳ ಜೀರ್ಣೋದ್ಧಾರಕ್ಕೆ ಚಂದಾ ಕೊಡುವವರು ನಗರದಲ್ಲಿರುವ ನಾವೇ. ಹಣ ಕೊಡುವಾಗ ಒಂದು ಮಾತು ಕೇಳುವ ಅಧಿಕಾರ ನಮಗುಂಟು.

ಕೊನೆಯದಾಗಿ, ಸಾರುವೆಯ ಮೇಲೆ ನಿಲ್ಲುವವರ ವಿಚಾರ. ಗಾರೆಯವನು ಮಾತ್ರವಲ್ಲ, ತಲೆಯ ಮೇಲೆ ಬಾಂಡಲಿ ಹೊತ್ತು ಹತ್ತಿ ಇಳಿಯುವ ಹೆಂಗಸರೂ ಆ ಹಲಗೆಗಳನ್ನು ನಂಬಿದವರು. ಹಲಗೆಯ ಎರಡು ತುದಿಗಳನ್ನೂ ಕಟ್ಟಿರಬೇಕು. ಹೊರಬದಿಗೆ ಸೊಂಟದೆತ್ತರಕ್ಕೆ ಕೈಗಂಬಿ, ಪಾದದ ಬಳಿ ಇಟ್ಟಿಗೆ ಉರುಳದಂತೆ ಆರಂಗುಲದ ಅಡ್ಡಹಲಗೆ ಇರಬೇಕು. ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿಯಷ್ಟು ಓರೆಯಾಗಿ ಇಟ್ಟು ಮೇಲ್ತುದಿಯನ್ನು ಬಿಗಿದಿರಬೇಕು. ಮಳೆ ಗಾಳಿ ಬಂದುಹೋದ ಪ್ರತಿಸಲವೂ ತಿಳಿದವರು ಎಲ್ಲವನ್ನೂ ಮತ್ತೆ ನೋಡಿದ ಮೇಲೆಯೇ ಜನ ಹತ್ತಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ವೆಚ್ಚವಿಲ್ಲ. ಒಂದು ಕೊತ್ತಲವನ್ನು ಉಳಿಸುವ ಕೆಲಸದಲ್ಲಿ ಒಂದು ಸಂಸಾರದ ಆಧಾರವನ್ನು ಕಳೆದರೆ ಆ ಜೀರ್ಣೋದ್ಧಾರಕ್ಕೆ ಅರ್ಥವೇನು?

ಮುಂದೆ ತಾವು ಈ ಸೀಮೆಯಲ್ಲಿ ಸಂಚರಿಸುವಾಗ ಯಾವುದಾದರೂ ಹಳೆಯ ಗೋಡೆಯ ಸುತ್ತ ಕಂಬಗಳು ಎದ್ದಿರುವುದನ್ನು ಕಂಡರೆ, ‘ಕೆಲಸ ನಡೆಯುತ್ತಿದೆ, ಇನ್ನೊಮ್ಮೆ ಬರೋಣ’ ಎಂದು ಹಿಂದಿರುಗಬೇಡಿರಿ. ಸ್ವಲ್ಪ ದೂರದಲ್ಲಿ ನಿಂತು ನೋಡಿರಿ. ಕಂಬದ ಬುಡದಲ್ಲಿ ಹಲಗೆ ಇದೆಯೇ? ಗೋಡೆಯಲ್ಲಿ ಹೊಸ ತೂತುಗಳೇನಾದರೂ ಬಿದ್ದಿವೆಯೇ? ಅಲ್ಲಿರುವ ಮೇಸ್ತ್ರಿಯನ್ನು ಮಾತನಾಡಿಸಿ, ಗಾರೆ ಯಾವುದು, ಸಾರುವೆ ಇನ್ನೆಷ್ಟು ದಿನ ನಿಲ್ಲುತ್ತದೆ ಎಂದು ಕೇಳಿರಿ. ‘ಸುಣ್ಣದ್ದು ಸ್ವಾಮಿ, ಬಲಿಯುವವರೆಗೆ ಬಿಚ್ಚುವುದಿಲ್ಲ’ ಎಂದು ಅವನು ಹೇಳಿದರೆ, ಆ ಗೋಡೆ ಒಳ್ಳೆಯ ಕೈಗಳಲ್ಲಿದೆಯೆಂದು ನೆಮ್ಮದಿಯಿಂದ ಮುಂದೆ ಹೋಗಬಹುದು.